ಅತ್ತಿಗೆಯ ಮೂರು ಚೋಕುಗಳು

ನಮ್ಮ ಅತ್ತಿಗೆಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಮದುವೆಯಾದ ಹೊಸತರಲ್ಲೇ ಅಣ್ಣ ಇದನ್ನು ಕಂಡುಕೊಂಡು ಕೈಮುಗಿದುಬಿಟ್ಟ.

ಅವರ ಕೆಲಸ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವುದು. ಗಿರಾಕಿಯ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತಾ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ದಿನವಿಡೀ ಕೇಳುತ್ತಾರೆ. ಗಿರಾಕಿ ತಡವರಿಸಿದರೆ ಮುಗಿಯಿತು. "ಎರಡೂ ಒಂದೇ ಥರ ಕಂಡ್ರೆ ಯಾವುದಾದ್ರೂ ಒಂದು ಹಾಕ್ಕೊಂಡು ಹೋಗಿ!" ಎಂದು ಗದರುತ್ತಾರೆ.

ಭಾನುವಾರ ಮಾತ್ರ ಈ ಜೋರು ಎಲ್ಲಿಗೆ ಹೋಗುತ್ತದೋ. ಅಂದು ಅವರು ಊರಾಚೆಯ ಕ್ಲಬ್ಬಿನಲ್ಲಿ ಕೋವಿ ಹಿಡಿಯುತ್ತಾರೆ. ಯಂತ್ರ ಚಿಮ್ಮಿಸುವ ಮಣ್ಣಿನ ಬಿಲ್ಲೆಗಳನ್ನು ಹಾರುತ್ತಿರುವಾಗಲೋ ಉರುಳುತ್ತಿರುವಾಗಲೋ ಹೊಡೆದು ಒಡೆಯುವ ಆಟ. ನಳಿಗೆಯ ತುದಿಯೊಳಗೆ ಚೋಕ್ ಎಂಬ ಪುಟ್ಟ ಕೊಳವೆಯನ್ನು ತಿರುಗಿಸಿ ಕೂರಿಸಬೇಕು. ಅಗಲ ಬಾಯಿಯದ್ದಾದರೆ ಗುಂಡಿನ ಕಾಳುಗಳು ಬೇಗ ಹರಡುತ್ತವೆ, ಹತ್ತಿರದ ಬಿಲ್ಲೆಗೆ ಅದು ಸರಿ. ಬಿಗಿಯದ್ದಾದರೆ ಒತ್ತಾಗಿ ಹೋಗುತ್ತವೆ, ದೂರದ್ದಕ್ಕೆ ಅದು. ಇನ್ನೊಂದು ಮಧ್ಯದ್ದು. ಹತ್ತಿರದ್ದು ತಪ್ಪಿದರೆ ಅತ್ತಿಗೆ "ಚೋಕ್ ಬಿಗಿಯಾಯ್ತು" ಎನ್ನುತ್ತಾರೆ, ದೂರದ್ದು ತಪ್ಪಿದರೆ "ಅಗಲ ಆಯ್ತು". ಇಷ್ಟು ವರ್ಷದಲ್ಲಿ ಅತ್ತಿಗೆ ತಪ್ಪಿದ್ದೇ ಇಲ್ಲ, ಚೋಕೇ ತಪ್ಪುತ್ತಾ ಬಂದಿದೆ.

ಕ್ಲಬ್ಬಿನ ತಂಡದ ಆಯ್ಕೆಯ ದಿನ ನಾನೂ ಜೊತೆಗಿದ್ದೆ. ಹಿಂದೆ ಎರಡು ಸಲ ಕೂದಲೆಳೆಯ ಅಂತರದಲ್ಲಿ ಜಾಗ ಕೈತಪ್ಪಿತ್ತು. ಈ ಸಲವೂ ಆಗದಿದ್ದರೆ ಕೋವಿ ಮಾರಿಬಿಡುತ್ತೇನೆಂದು ಮನೆಯಲ್ಲಿ ಶಪಥ ಮಾಡಿ ಹೊರಟಿದ್ದರು. ನಿಂತು ಹೊಡೆಯುವ ಕಟ್ಟೆಗಳಲ್ಲಿ ಕೊನೆಯದೊಂದು ಉಳಿದಿತ್ತು, ಅಲ್ಲಿ ಮೂರು ಜೋಡಿ ಬಿಲ್ಲೆ. ಪ್ರತಿ ಜೋಡಿಯಲ್ಲೂ ಮೊದಲನೆಯದು ಹತ್ತಿರ, ನೆಲದ ಮೇಲೆ ಉರುಳುತ್ತದೆ. ಎರಡನೆಯದು ದೂರದಲ್ಲಿ ಹಾರುತ್ತದೆ. ಒಂದು ತಪ್ಪಿದರೂ ಜಾಗ ಸಿಗುತ್ತಿತ್ತು, ಎರಡು ತಪ್ಪಿದರೆ ಇಲ್ಲ. ಕಟ್ಟೆ ಹತ್ತಿದ ಮೇಲೆ ಚೋಕ್ ಬದಲಿಸುವ ಹಾಗಿಲ್ಲ.

ಅತ್ತಿಗೆ ಮಧ್ಯದ ಚೋಕನ್ನು ಬಿಚ್ಚಿದರು. ಅಗಲದ್ದನ್ನೂ ಬಿಗಿಯದ್ದನ್ನೂ ಅಂಗೈಯಲ್ಲಿಟ್ಟುಕೊಂಡು ನಿಂತರು.

"ಯಾವುದು ಹಾಕ್ಲೋ?"

"ಮಧ್ಯದ್ದೇ ಇರ್ಲಿ ಅತ್ತಿಗೆ."

"ನಿಂಗೇನು ಗೊತ್ತು!"

"ಹಾಗಾದ್ರೆ ನನ್ನನ್ಯಾಕೆ ಕೇಳ್ತೀರಿ?"

ತೀರ್ಪುಗಾರ ಕರೆದ. ಮತ್ತೆ ಕರೆದ, ಈ ಸಲ ಗಡಿಯಾರ ನೋಡುತ್ತಾ. ಅತ್ತಿಗೆ ಕೈಲಿದ್ದದ್ದನ್ನೆಲ್ಲ ಜೇಬಿಗೆ ತುರುಕಿಕೊಂಡು ಓಡಿದರು.

ಮೊದಲ ಜೋಡಿಯಲ್ಲಿ ದೂರದ್ದು ತಪ್ಪಿತು. ಎರಡನೆಯ ಜೋಡಿ ಎರಡೂ ಪುಡಿ. ಮೂರನೆಯದರಲ್ಲಿ ಹತ್ತಿರದ ಬಿಲ್ಲೆ ಎದುರಿಗೇ ಉರುಳಿ ಬಂತು. ಮಕ್ಕಳೂ ಹೊಡೆಯಬಹುದಾದದ್ದು. ಅದೇ ತಪ್ಪಿತು. ಆಮೇಲೆ ದೂರದ್ದನ್ನು ಒಡೆದದ್ದು ಯಾವ ಲೆಕ್ಕಕ್ಕೂ ಬರಲಿಲ್ಲ.

ಕೆಳಗಿಳಿದು ಬಂದ ಅತ್ತಿಗೆ ಜೇಬಿಗೆ ಕೈ ಹಾಕಿದವರು ಹಾಗೇ ನಿಂತುಬಿಟ್ಟರು.

"ಮೂರೂ ಇಲ್ಲೇ ಇವೆ ಕಣೋ."

ಗಡಿಬಿಡಿಯಲ್ಲಿ ಬರಿಯ ನಳಿಗೆಯಲ್ಲೇ ಹೊಡೆದಿದ್ದರು. ಮಧ್ಯದ್ದನ್ನು ಕೂರಿಸಲು ಹೋದರೆ ಅರ್ಧಕ್ಕೇ ಕಚ್ಚಿಕೊಂಡಿತು. ಚೋಕ್ ಇಲ್ಲದೆ ಹೊಡೆದದ್ದಕ್ಕೆ ನಳಿಗೆಯೊಳಗಿನ ತಿರುಪು ಕೆಟ್ಟಿತ್ತು.

ಸುತ್ತಲಿದ್ದವರು "ಅಯ್ಯೋ, ಚೋಕ್ ಇಲ್ಲದ್ದಕ್ಕೆ ಹೀಗಾಯ್ತು, ಪಾಪ" ಎಂದರು. ನೆಪವೊಂದು ತಾನಾಗಿ ಕೈಗೆ ಬಂದು ಬಿದ್ದಿತ್ತು. ಅತ್ತಿಗೆ ಹಿಡಿದುಕೊಳ್ಳುತ್ತಾರೆಂದೇ ನಾನು ಕಾದೆ.

"ಇಲ್ಲ," ಎಂದರು. "ಬರೀ ನಳಿಗೆ ಎಲ್ಲಕ್ಕಿಂತ ಅಗಲ. ಹತ್ತಿರದ್ದಕ್ಕೆ ಅದಕ್ಕಿಂತ ಇನ್ನೇನು ಬೇಕಿತ್ತು? ತಪ್ಪಿದ್ದು ನಾನೇ."

ಅಲ್ಲಿಂದ ನೇರ ಕೋವಿ ರಿಪೇರಿಯ ಅಂಗಡಿಗೆ ಹೋದೆವು.

ಕೋವಿ ರಿಪೇರಿಯವನು ನಳಿಗೆಯೊಳಗೆ ದೀಪ ಬಿಟ್ಟು ನೋಡಿದ. "ಯಾವುದಾದ್ರೂ ಒಂದನ್ನ ಖಾಯಮ್ಮಾಗಿ ಕೂರಿಸಿ ಕೊಡ್ತೀನಿ. ಆಮೇಲೆ ಬಿಚ್ಚೋಕಾಗಲ್ಲ. ಇಲ್ಲ, ಮಾರ್ತೀನಿ ಅಂದ್ರೆ ಹೇಳಿ."

ಇನ್ನು ಅಂಗಡಿ ಮುಚ್ಚುವ ತನಕ ಇಲ್ಲೇ ಎಂದುಕೊಂಡು ನಾನು ಸ್ಟೂಲು ಎಳೆದುಕೊಂಡೆ.

"ಮಾರಲ್ಲ. ಮಧ್ಯದ್ದು ಹಾಕಿ," ಎಂದರು ಅತ್ತಿಗೆ. ನಾನಿನ್ನೂ ಕೂತಿರಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ಅತ್ತಿಗೆಯ ಮಡಿಲಲ್ಲಿದ್ದ ಬೆರಳುಗಳು ಏನನ್ನೋ ತಿರುಗಿಸುತ್ತಲೇ ಇದ್ದವು.

"ಬಿಗಿಯದ್ದು ಹೇಳ್ಬೇಕಿತ್ತಾ?"

"ಎರಡೂ ಒಂದೇ ಥರ ಕಂಡ್ರೆ..." ಎಂದು ಶುರುಮಾಡಿದೆ.

"ಸಾಕು, ಬಾಯಿ ಮುಚ್ಚು." ಸ್ವಲ್ಪ ದೂರ ಹೋದ ಮೇಲೆ ಅವರೇ ಹೇಳಿದರು: "ಭಾನುವಾರ ಬೇಗ ಬಾ. ಆ ಹತ್ತಿರದ್ದನ್ನ ಹೊಡೆಯೋದು ಕಲೀಬೇಕು."