ಕಾಲು ನೋಡುತ್ತಿದ್ದ ದ್ಯಾವಣ್ಣ

ಗೋಣಿಬೀಡಿನ ಕ್ಷೌರಿಕ ದ್ಯಾವಣ್ಣ ಯಾರ ಮನೆಗೆ ಹೋದರೂ ಮೊದಲು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ. ಗಡ್ಡಕ್ಕೆಂದು ಕುಳಿತವರಿಗೆ, "ಚಪ್ಲಿ ಬಿಡಿ, ಅಂಗಾಲು ತೋರ್ಸಿ" ಎನ್ನುತ್ತಿದ್ದ. ಹೊಸಬರು ನಗುತ್ತಿದ್ದರು. ಅವನು ಮಾತ್ರ ಬೆರಳ ಸಂದಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಹಿಮ್ಮಡಿ ಒತ್ತಿ, "ತಿಳೀತದಾ?" ಎಂದು ಕೇಳಿ, ಹೌದೆಂದ ಮೇಲೆಯೇ ಸೋಪು ಕಲಸುತ್ತಿದ್ದ.

ಮೊದಲು ಅವನು ಹೀಗಿರಲಿಲ್ಲ. ಬಹಳ ಮಾತುಗಾರ. ಪ್ರತಿ ಬುಧವಾರ ನಮ್ಮ ತೋಟಕ್ಕೆ ಬಂದರೆ ಮೂಡಿಗೆರೆಯಿಂದ ದೇವರಮನೆ ಬೆಟ್ಟದವರೆಗಿನ ಸುದ್ದಿಯೆಲ್ಲ ನಮ್ಮ ಜಗುಲಿಗೆ ಬಂದಂತೆ. ಗಡ್ಡ, ತಲೆ ಮುಗಿದ ಮೇಲೆ ಉಗುರು ತೆಗೆಯುತ್ತಿದ್ದ, ಕಾಲಲ್ಲಿ ಆಣಿ ಇದ್ದರೆ ಅದನ್ನೂ ಹೆರೆಯುತ್ತಿದ್ದ. ಆಗ ಅದೆಲ್ಲ ಕ್ಷೌರಿಕರದೇ ಕೆಲಸ.

ಅಪ್ಪಯ್ಯನಿಗೆ ಸಿಹಿಮೂತ್ರದ ಕಾಯಿಲೆ ಇತ್ತು. ಅನ್ನ, ಬೆಲ್ಲ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರು. ಪಾದದ ವಿಚಾರ ಅವರು ಎತ್ತಿರಲಿಲ್ಲ, ನಾವೂ ಕೇಳಿರಲಿಲ್ಲ. ತೋಟ ಸುತ್ತಿ ಸುತ್ತಿ ಬೂಟಿನೊಳಗೆ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಆಣಿ ಗಟ್ಟಿಯಾಗಿತ್ತು. ಒಂದು ಬುಧವಾರ ದ್ಯಾವಣ್ಣ ಅದನ್ನು ಕತ್ತಿಯಿಂದ ಹೆರೆಯತೊಡಗಿದ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದ ನಾನು ಅಲ್ಲೇ ಮೆಣಸು ಆರಿಸುತ್ತಾ ಕುಳಿತಿದ್ದೆ.

"ನೋವಾಗ್ತದಾ ಗೌಡ್ರೇ?"

"ಒಂಚೂರೂ ಇಲ್ಲ ಮಾರಾಯ. ನಿನ್ನಂಥ ಕೈ ಈ ಸೀಮೇಲೇ ಇಲ್ಲ ಬಿಡು."

ದ್ಯಾವಣ್ಣ ಹಿಗ್ಗಿದ. ಇನ್ನಷ್ಟು ಆಳಕ್ಕೆ ಹೆರೆದ. ರಕ್ತ ಜಿನುಗಿದಾಗ ಅರಿಶಿನ ಮೆತ್ತಿದ. ನೋವಾಗದಿದ್ದದ್ದು ಅವನ ಕೈಗುಣದಿಂದಲ್ಲ, ಕಾಯಿಲೆಯಿಂದ ಕಾಲಿನ ಅರಿವೇ ಹೋಗಿತ್ತು ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ಮರುದಿನವೇ ಅಪ್ಪಯ್ಯ ಬೂಟು ಹಾಕಿಕೊಂಡು ತೋಟಕ್ಕೆ ಹೋದರು.

ಹತ್ತು ದಿನಕ್ಕೆ ವಾಸನೆ ಬಂತು. ಬೂಟು ಬಿಚ್ಚಿಸಿದಾಗ ಹೆಬ್ಬೆರಳು ಕಪ್ಪಾಗಿತ್ತು. ಕುರ್ಚಿಗೆ ಬಿದಿರು ಕಟ್ಟಿ ರಸ್ತೆಯವರೆಗೆ ಹೊತ್ತು, ಯುದ್ಧಕಾಲದ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಚಿಕ್ಕಮಗಳೂರಿನ ಆಸ್ಪತ್ರೆಗೆ ಸಾಗಿಸಿದೆವು. ಮೊಣಕಾಲ ಕೆಳಗೆ ಕತ್ತರಿಸಬೇಕಾಯಿತು. ಅದಕ್ಕೆ ಮುಂಚೆ ಡಾಕ್ಟರು, "ಈ ಆಣಿ ಕೆತ್ತಿದವರು ಯಾರು?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪಯ್ಯ ನನ್ನ ಕೈ ಅದುಮಿ, "ನಾನೇ ಚಾಕೂಲಿ ಕೆತ್ಕೊಂಡೆ" ಎಂದರು.

ಮನೆಗೆ ಬಂದ ಮೇಲೆ ಎರಡು ಬುಧವಾರ ದ್ಯಾವಣ್ಣನ ಸುಳಿವಿರಲಿಲ್ಲ. ಮೂರನೆಯ ಬುಧವಾರ ಬರಿಗೈಯಲ್ಲಿ ಬಂದು ಅಂಗಳದಲ್ಲಿ ನಿಂತ. ರಕ್ತ, ಕೀವಿನ ಬಟ್ಟೆ ಕುದಿಸಿ ಕುದಿಸಿ ನನಗೆ ಸಾಕಾಗಿತ್ತು. "ಇನ್ನೊಂದನ್ನೂ ತೆಗೆಯೋಕೆ ಬಂದ್ಯಾ?" ಎಂದುಬಿಟ್ಟೆ.

ಒಳಗಿನಿಂದ ಅಪ್ಪಯ್ಯ, "ಯಾರು, ದ್ಯಾವಣ್ಣನಾ? ಒಳಗೆ ಬಾರೋ" ಎಂದು ಕರೆದರು.

ಅವನು ಆ ಎರಡು ವಾರ ಸುಮ್ಮನೆ ಕೂತಿರಲಿಲ್ಲ. ಚಿಕ್ಕಮಗಳೂರಿಗೆ ಹೋಗಿ, ಗಾಯ ಕಟ್ಟುವ ಡ್ರೆಸ್ಸರನ್ನು ಹಿಡಿದು, ಉಳಿದ ಕಾಲು ಕಾಪಾಡುವುದು ಹೇಗೆಂದು ಕೇಳಿ ತಿಳಿದುಕೊಂಡು ಬಂದಿದ್ದ. ಅಂದಿನಿಂದ ದಿನ ಬಿಟ್ಟು ದಿನ ಬಂದ. ಬಿಸಿನೀರಿಗೆ ಮೊದಲು ತನ್ನ ಮೊಣಕೈ ಅದ್ದಿ ನೋಡುವನು. ಕಾಲು ತೊಳೆದು, ಸಂದಿಯಲ್ಲಿ ತೇವ ಉಳಿಯದಂತೆ ಒರೆಸಿ, ಅಂಗಾಲಿಗೆ ಕೊಬ್ಬರಿ ಎಣ್ಣೆ ಸವರುವನು. ಉಗುರಿಗೂ ಕತ್ತಿ ಇಲ್ಲ, ಸಣ್ಣ ಅರದಿಂದ ಉಜ್ಜುವುದಷ್ಟೆ. ರಕ್ತ ಹೀರುವ ಇಂಬಳ ಕಚ್ಚಿದ ಗುರುತು ಕಂಡರೆ ಅದು ಒಣಗುವವರೆಗೆ ದಿನವೂ ಬರುವನು.

"ಬಾಯಿಲ್ಲದ ಕಾಲು ಅಮ್ಮಾವ್ರೇ ಇದು. ಸುಟ್ರೂ ಹೇಳಲ್ಲ, ಕೊಯ್ದ್ರೂ ಹೇಳಲ್ಲ. ನಾವೇ ಹೋಗಿ ಕೇಳ್ಬೇಕು."

ಅವನು ಬಾರದ ದಿನಗಳಲ್ಲಿ ನೋಡುವುದು ನನ್ನ ಪಾಲು. ಮೂರು ವರ್ಷ ಬಿಡದೆ ಒಂದೇ ಕಾಲನ್ನು ನೋಡುವುದು ಎಂಥ ಬೇಸರದ ಕೆಲಸವೆಂದು ಮಾಡಿದವರಿಗೇ ಗೊತ್ತು. ಒಂದು ಆಷಾಢದ ಸಂಜೆ ಅಪ್ಪಯ್ಯ ಚಳಿ ಎಂದರೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಅವರ ಪಾದದ ಹತ್ತಿರ ಇಟ್ಟು, ಗೋಡೆಗೊರಗಿ ಹಾಗೇ ನಿದ್ದೆ ಹೋದೆ. ಮರುದಿನ ದ್ಯಾವಣ್ಣ ಬಂದು ನೋಡಿದರೆ ಹಿಮ್ಮಡಿಯಲ್ಲಿ ಅಂಗೈಯಗಲದ ನೀರುಗುಳ್ಳೆ. ಅಪ್ಪಯ್ಯನಿಗೆ ಅದರ ಅರಿವೇ ಇರಲಿಲ್ಲ.

ಅವನು ಈಗ ಏನು ಹೇಳಿದರೂ ಕೇಳಿಸಿಕೊಳ್ಳಬೇಕು ಎಂದುಕೊಂಡೆ. ಅವನು ಗುಳ್ಳೆಯಿಂದ ಕಣ್ಣೆತ್ತದೆ, "ನಿಮ್ಗೂ ಸಾಕಾಗಿದೆ, ಗೊತ್ತು. ನಂಗೂ ಸಾಕಾಗಿದೆ ಅಮ್ಮಾವ್ರೇ. ಬಟ್ಟೆ ಕುದಿಸಿ ತನ್ನಿ" ಎಂದ.

ಗುಳ್ಳೆ ಒಡೆದು ಹುಣ್ಣಾಯಿತು. ಅದು ಮಾಯಬೇಕಾದರೆ ಹಿಮ್ಮಡಿ ನೆಲಕ್ಕೆ ತಾಗಬಾರದು. ಒಂದೇ ಕಾಲಿನ ಮನುಷ್ಯನಿಗೆ ಅದನ್ನು ಹೇಳುವುದು ಹೇಗೆ? ಅಪ್ಪಯ್ಯ ಊರುಗೋಲು ಹಿಡಿದು ಏಳುವರು, ದ್ಯಾವಣ್ಣ ಅಡ್ಡ ಕೂರುವನು.

"ತೋಟ ಯಾರು ನೋಡ್ತಾರೋ? ನಿಮ್ಮಪ್ಪನಾ?"

"ತೋಟ ಎಲ್ಲಿಗೂ ಓಡಿ ಹೋಗಲ್ಲ ಗೌಡ್ರೇ. ಕೂತ್ಕೊಳ್ಳಿ."

ಮೂರು ತಿಂಗಳು ಬೇರೆ ಮನೆಗಳ ಕೆಲಸ ಬಿಟ್ಟು ಅವನು ದಿನವೂ ನಾಲ್ಕು ಮೈಲಿ ನಡೆದು ಬಂದ. ಬೈಗುಳ ತಿಂದ. ಅಪ್ಪಯ್ಯನನ್ನು ಬಚ್ಚಲಿಗೆ ಹೊತ್ತೊಯ್ದ. ಮಧ್ಯಾಹ್ನ ಜಗುಲಿಯ ಕಂಬಕ್ಕೊರಗಿ ಕೂತರೆ ಕೂತಲ್ಲೇ ತೂಕಡಿಸುತ್ತಿದ್ದ. ಸುದ್ದಿ ಹೇಳುವ ದ್ಯಾವಣ್ಣ ಎಂದೋ ಹೋಗಿಬಿಟ್ಟಿದ್ದ. ದೀಪಾವಳಿಯ ಹೊತ್ತಿಗೆ ಹುಣ್ಣು ಒಣಗಿತು.

ಮರುವರ್ಷ ಅಪ್ಪಯ್ಯ ಎದೆನೋವಿನಿಂದ ಹೋದರು. ಎಡಗಾಲಿನಲ್ಲಿ ಒಂದು ಗಾಯವೂ ಇರಲಿಲ್ಲ. ತಿಥಿ ಮುಗಿದ ಮೇಲೆ ದ್ಯಾವಣ್ಣ ತೋಟದ ಕಡೆ ಬರುವುದು ನಿಂತಿತು.

ಕೆಲವು ವರ್ಷ ಕಳೆದು ನನಗೂ ಅದೇ ಕಾಯಿಲೆ ಎಂದು ತಿಳಿಯಿತು. ಅಂದು ಅಂಗಳದಲ್ಲಿ ನಾನಾಡಿದ ಮಾತು ಅಷ್ಟು ವರ್ಷವೂ ನನ್ನೊಳಗೆ ಕೂತಿತ್ತು. ತಪ್ಪಾಯಿತೆಂದು ಹೇಳೋಣವೆಂದೇ ಗೋಣಿಬೀಡಿಗೆ ಹೋದೆ. ದ್ಯಾವಣ್ಣ ಮನೆಯ ಮುಂದಿನ ಕಲ್ಲಿನ ಮೇಲೆ ಕುಳಿತಿದ್ದ. ಕಣ್ಣಿಗೆ ಪೊರೆ ಬಂದಿತ್ತು. ದನಿಯಿಂದಲೇ ಗುರುತು ಹಿಡಿದ.

"ನಂಗೂ ಬಂದಿದೆ ದ್ಯಾವಣ್ಣ, ಅಪ್ಪಯ್ಯನ ಕಾಯಿಲೆ" ಎಂದು ಅವನ ಪಕ್ಕ ಕೂತೆ.

ಅವನು ತಟ್ಟನೆ ಬಗ್ಗಿ ನನ್ನ ಪಾದದ ಕಡೆ ಕಣ್ಣು ಕಿರಿದು ಮಾಡಿದ. ಏನೂ ಕಾಣದೆ ತಲೆಯಾಡಿಸಿದ. "ದಿನಾ ಯಾರು ನೋಡ್ತಾರೆ?"

"ನಾನೇ."

"ಅಂಗಾಲು ಹೆಂಗೆ ಕಾಣ್ತದೆ ನಿಮ್ಗೆ?"

ಅವನು ತಡವರಿಸುತ್ತ ಒಳಗೆ ಹೋಗಿ, ಗಿರಾಕಿಗಳಿಗೆ ಮುಖ ತೋರಿಸುತ್ತಿದ್ದ ಕೈಗನ್ನಡಿಯನ್ನು ತಂದು ನನ್ನ ಮಡಿಲಲ್ಲಿಟ್ಟ. "ನೆಲದ ಮೇಲಿಟ್ಟು ಅದ್ರ ಮೇಲೆ ಕಾಲು ಹಿಡೀರಿ. ಬೆಳಕಲ್ಲಿ ನೋಡಿ. ಒಂದಿನಾನೂ ಬಿಡ್ಬೇಡಿ."

"ನಿನ್ಗೆ ಬೇಡ್ವಾ?"

"ನಂಗೆಂತಕ್ಕೆ ಇನ್ನು?"

ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. "ಹೊರಡಿ, ತಪ್ಪಿದ್ರೆ ನಡೀಬೇಕಾಗ್ತದೆ, ನೀವೀಗ ಅಷ್ಟು ದೂರ ನಡೀಬಾರ್ದು" ಎಂದು ಅವನೇ ಎಬ್ಬಿಸಿದ. ಹೇಳಲು ಹೋದ ಮಾತನ್ನು ಹೇಳದೆಯೇ ಬಸ್ಸು ಹತ್ತಿದೆ. ಆ ಮಳೆಗಾಲದಲ್ಲಿ ಅವನು ತೀರಿಕೊಂಡನೆಂದು ತಡವಾಗಿ ಗೊತ್ತಾಯಿತು.