ಅಣ್ಣಪ್ಪನ ದುರ್ಬೀನು ಕನ್ನಡಿ

ಊರಿಗೆಲ್ಲ ಕರೆಂಟು ಹೋದಾಗ ಒಳಗೊಳಗೇ ಖುಷಿಪಡುವ ಲೈನ್‌ಮನ್ ಹೊನ್ನಾವರ ಸೀಮೆಯಲ್ಲಿ ಒಬ್ಬನೇ ಇದ್ದಾನೆ, ಅವನೇ ಅಣ್ಣಪ್ಪ. ಗಾಳಿಗೆ ತಂತಿ ಹರಿದ ಸಂಜೆ ಜನ ಫೋನಿನಲ್ಲಿ ಅವನ ಜನ್ಮ ಜಾಲಾಡುತ್ತಿದ್ದರೆ, ಈ ಪುಣ್ಯಾತ್ಮ ಕಂಬದ ಮೇಲೆ ಒಂದು ಗಳಿಗೆ ನಕ್ಷತ್ರ ನೋಡಿಕೊಂಡೇ ಕೆಳಗಿಳಿಯುತ್ತಿದ್ದ. ಹಾಗಂತ ಕೆಲಸಗಳ್ಳನಲ್ಲ. ತಂತಿ ಜೋಡಿಸಿದ ಮೇಲೇ ಆಕಾಶಕ್ಕೆ ಮುಖ ಎತ್ತುತ್ತಿದ್ದದ್ದು.

ಈ ಹುಚ್ಚು ಹಿಡಿಸಿದವರು ಕುಮಟೆಯ ಹೈಸ್ಕೂಲಿನ ಮಾಬ್ಲೇಶ್ವರ ಮಾಸ್ತರು. ಶಾಲೆಯ ಅಂಗಳದಲ್ಲಿ ಒಂದು ಸಂಜೆ ಅವರು ಮಕ್ಕಳಿಗೆಂದು ದುರ್ಬೀನು ಇಟ್ಟಿದ್ದರು. ಮೀಟರು ನೋಡಲು ಹೋದ ಅಣ್ಣಪ್ಪ ಸಾಲಿನಲ್ಲಿ ನಿಂತು ಶನಿ ಗ್ರಹವನ್ನೂ ಅದರ ಸುತ್ತಲಿನ ಬಳೆಯನ್ನೂ ನೋಡಿಬಿಟ್ಟ. ಆಮೇಲೆ ಮನುಷ್ಯ ಮನುಷ್ಯನಾಗಿ ಉಳಿಯಲಿಲ್ಲ. ಇಂಥದ್ದು ಮೊಬೈಲಿನಲ್ಲೇ ತರಿಸಬಹುದು ಎಂದು ಮಾಸ್ತರು ಹೇಳಿದರೆ ಅವನಿಗೆ ಅದು ಬೇಡ. ದುರ್ಬೀನಿನ ಜೀವವೇ ಅದರೊಳಗಿನ ಕನ್ನಡಿ, ಆ ಕನ್ನಡಿಯನ್ನು ತಾನೇ ಉಜ್ಜಿ ಮಾಡಬೇಕು, ಬೇರೆ ಯಾರ ಕೈಯೂ ಅದಕ್ಕೆ ತಾಗಬಾರದು, ಅದರಲ್ಲೇ ಬಳೆ ನೋಡಬೇಕು. ಹಟಕ್ಕೆ ಬಿದ್ದರೆ ಅಣ್ಣಪ್ಪ ಯಾರ ಮಾತಿಗೂ ಬಗ್ಗುವ ಆಸಾಮಿಯಲ್ಲ.

ಭಟ್ಕಳದ ಗುಜರಿಯಲ್ಲಿ ಹಳೇ ಬೋಟಿನ ಕಿಟಕಿಯ ಎರಡು ದಪ್ಪ ಗುಂಡು ಗಾಜು ಸಿಕ್ಕವು. ಒಂದನ್ನು ಕೆಳಗಿಟ್ಟು, ಗ್ರಾನೈಟ್ ಪಾಲಿಶಿನ ಪುಡಿಯನ್ನು ನೀರಿನೊಂದಿಗೆ ಹಾಕಿ, ಇನ್ನೊಂದನ್ನು ಅದರ ಮೇಲೆ ಹಿಂದೆ ಮುಂದೆ ಉಜ್ಜುತ್ತ ಹೋದರೆ ಮೇಲಿನ ಗಾಜು ನಡುವೆ ಕೂದಲೆಳೆಯಷ್ಟು ತಗ್ಗಾಗುತ್ತ ಬರುತ್ತದೆ. ಅಂಗಳದಲ್ಲಿ ಡ್ರಮ್ಮು ಮಗುಚಿ ಹಾಕಿ, ರಜೆ ಸಿಕ್ಕಾಗಲೆಲ್ಲ ಅದರ ಸುತ್ತ ಸುತ್ತುತ್ತ ಉಜ್ಜಿದ್ದೇ ಉಜ್ಜಿದ್ದು. ದಾರಿಹೋಕರು ಏನು ಅರೆಯುತ್ತಿದ್ದಾನೆಂದು ಕೇಳಿದರೆ, ಅವನ ಹೆಂಡತಿ ದುರ್ಗಿ ಬಸಳೆ ಚಪ್ಪರದ ಕೆಳಗಿನಿಂದಲೇ ಗಾಜಿನ ಚಟ್ನಿ ಎನ್ನುತ್ತಿದ್ದಳು.

ತಗ್ಗು ಸರಿಯಾಗಿ ಬಂತು. ಇನ್ನು ರಾಳದ ಹಾಸಿನ ಮೇಲೆ ನಯವಾಗಿ ತಿಕ್ಕಿ ಹೊಳಪು ಬರಿಸುವುದೊಂದೇ ಬಾಕಿ. ಅಷ್ಟರಲ್ಲಿ ಮೊದಲ ಮಳೆಗೆ ಬಿದ್ದ ಕಂಬ ಎತ್ತಲು ಹೋಗಿ ಅಣ್ಣಪ್ಪನ ಬಲ ಭುಜ ಉಳುಕಿತು. ತಿಂಗಳುಗಟ್ಟಲೆ ಆ ಕೈಗೆ ಕೆಲಸ ಕೊಡಬಾರದೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ಗಾಜು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಮೂಲೆ ಸೇರಿತು. ಅಣ್ಣಪ್ಪ ಅನ್ನದ ಮುಂದೆ ಕೂತು ಮೀನಿನ ಮುಳ್ಳು ಎಣಿಸುವವನಂತಾದ. ದುರ್ಗಿಗೆ ಅದನ್ನು ನೋಡಲಾಗಲಿಲ್ಲ.

"ಕೊಡಿ ಇತ್ಲಾಗೆ, ನಾ ತಿಕ್ತೆ. ಬೀಸೂಕಲ್ಲು ತಿರುಗಿಸಿದ ಕೈ ಇದು" ಎಂದಳು.

"ಹಂಗಾದ್ರೆ ಅದು ನಂದು ಅಂತ ಹೇಳೂಕೆ ಆಗೂದಿಲ್ಲ."

"ಮೂಲೇಲಿದ್ರೆ ನಿಮ್ದೇ. ಬಳೆ ಮಾತ್ರ ಕಾಣೂದಿಲ್ಲ."

ಮುಖ ಊದಿಸಿಕೊಂಡೇ ಕೊಟ್ಟ. ದುರ್ಗಿ ಜಗಲಿಯಲ್ಲಿ ಕಾಲು ಚಾಚಿ ಕೂತು, ತನ್ನ ಅಬ್ಬೆ ಕಲಿಸಿದ ಬೀಸುವ ಪದ ಎತ್ತಿಕೊಂಡಳು. ಪದ ಹರಿದಂತೆ ಕೈ ಹರಿಯಿತು, ಗಾಜು ಬೆಣ್ಣೆಯಂತೆ ಜಾರಿತು. ನೋಡುನೋಡುತ್ತ ಅದಕ್ಕೆ ಹೊಳಪು ಬಂತು. ಅಣ್ಣಪ್ಪನಿಗೆ ಸಂತೋಷವೂ ಆಯಿತು, ಹೊಟ್ಟೆಯುರಿಯೂ ಆಯಿತು.

ಮಾಸ್ತರು ಬಂದು ಸಣ್ಣ ದೀಪ ಹಚ್ಚಿ, ಕನ್ನಡಿಯಿಂದ ಮರಳುವ ಬೆಳಕಿಗೆ ಬ್ಲೇಡಿನ ಅಂಚು ಅಡ್ಡ ಹಿಡಿದು, ಅದರ ಮೇಲೆ ಮೂಡುವ ನೆರಳು ನೋಡಿ ಪರೀಕ್ಷೆ ಮಾಡಿದರು. ಅವರ ಮುಖ ಸಪ್ಪೆಯಾಯಿತು. ಹೊಳಪೇನೋ ಸರಿ, ಆದರೆ ನಡುವೆ ಬಟ್ಟಲಿನ ಅಂಚಿನಂಥ ಒಂದು ಸುತ್ತು ಎದ್ದಿದೆ, ಇದರಲ್ಲಿ ಶನಿ ಕಲಸಿದ ಹಿಟ್ಟಿನ ಹಾಗೆ ಕಾಣುತ್ತದೆ ಎಂದರು. ಕೈ ಪ್ರತಿ ಸಲವೂ ಅಷ್ಟೇ ದೂರ ಹೋಗಿ ಅಲ್ಲೇ ತಿರುಗಿದರೆ ಹೀಗಾಗುತ್ತದಂತೆ. ಗಾಜಿಗೆ ಅಂಥ ಶಿಸ್ತು ಆಗಿಬರುವುದಿಲ್ಲ. ಒಮ್ಮೆ ಉದ್ದ, ಒಮ್ಮೆ ಗಿಡ್ಡ, ಒಮ್ಮೆ ಓರೆ, ಹೀಗೆ ಲೆಕ್ಕ ತಪ್ಪಿದ ಕೈಯೇ ಬೇಕು.

ತಪ್ಪು ತನ್ನದಲ್ಲ ಎಂದು ಅಣ್ಣಪ್ಪನಿಗೆ ಒಂದು ಕ್ಷಣ ಹಿತವೆನಿಸಿದ್ದು ನಿಜ. ಆದರೆ ದುರ್ಗಿ ಸೆರಗಿನಿಂದ ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತ ಕೂತದ್ದು ನೋಡಿ ಆ ಹಿತ ಅಲ್ಲೇ ಸತ್ತಿತು. ಮರುದಿನ ಅವಳು ತಿಕ್ಕುವಾಗ ಎದುರಿಗೆ ಕೂತು ಗಮನಿಸಿದ. ಪದದ ಒಂದೊಂದು ಸಾಲು ಮುಗಿದಾಗಲೂ ಕೈ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಸುತ್ತು ಎಬ್ಬಿಸಿದ್ದು ಪದವೇ.

ಹಾಡದೆ ತಿಕ್ಕು ಎಂದ. ಅವಳು ಪ್ರಯತ್ನಪಟ್ಟಳು. ಬಾಯಿ ಮುಚ್ಚಿದರೆ ಕೈ ಮರಗಟ್ಟಿತು, ಕೈ ಓಡಿದರೆ ಗಂಟಲೊಳಗೆ ಪದ ಗುನುಗಿತು.

"ಪದ ಇಲ್ದೆ ನನ್ ಕೈ ಓಡೂದೇ ಇಲ್ಲ. ನಿಮ್ ಕನ್ನಡಿ ಹಾಳ್ ಮಾಡ್ದೆ" ಎಂದು ಎದ್ದು ಹೊರಟಳು.

ಅಣ್ಣಪ್ಪನಿಗೆ ತಡೆಯಲಾಗಲಿಲ್ಲ. ಅವಳನ್ನು ಕೈಹಿಡಿದು ಕೂರಿಸಿ, ತಾನೇ ಪದ ಶುರುಮಾಡಿದ. ಅಣ್ಣಪ್ಪನ ಹಾಡೆಂದರೆ ಅದೊಂದು ಕಥೆ. ತಾಳಕ್ಕೂ ಅವನಿಗೂ ಹುಟ್ಟಾ ವೈರ. ಭಜನೆಯಲ್ಲಿ ಅವನ ಕೈಗೆ ತಾಳ ಕೊಡುವುದನ್ನು ಜನ ಯಾವತ್ತೋ ನಿಲ್ಲಿಸಿದ್ದರು. ಒಂದು ಸಾಲನ್ನು ಎಳೆದ, ಇನ್ನೊಂದನ್ನು ನುಂಗಿದ, ಮೂರನೆಯದು ಮರೆತು ಎರಡನೆಯದಕ್ಕೇ ವಾಪಸು ಬಂದ. ದುರ್ಗಿ ನಗುತ್ತ ನಗುತ್ತ ಅವನ ಪದದ ಹಿಂದೆ ಕೈ ಓಡಿಸಿದಳು. ಕೈ ಎಲ್ಲಿ ತಿರುಗಬೇಕೆಂಬುದು ಅದಕ್ಕೇ ಗೊತ್ತಿರಲಿಲ್ಲ. ಮಳೆಗಾಲವಿಡೀ ಹೀಗೇ ನಡೆಯಿತು. ಅಕ್ಕಪಕ್ಕದವರು ಕಿವಿಗೆ ಹತ್ತಿ ಇಟ್ಟುಕೊಂಡರೋ ಏನೋ, ಅವರಿಬ್ಬರಿಗೆ ಅದರ ಪರಿವೆ ಇರಲಿಲ್ಲ. ಅಷ್ಟು ನಗು ಆ ಜಗಲಿಯಲ್ಲಿ ಮದುವೆಯಾದ ಹೊಸತರಲ್ಲೂ ಇರಲಿಲ್ಲ.

ಮಾಸ್ತರು ಮತ್ತೆ ಬ್ಲೇಡು ಹಿಡಿದರು. ಸುತ್ತು ಮಾಯವಾಗಿತ್ತು. ಕನ್ನಡಿ ಮುಂಬಯಿಗೆ ಹೋಗಿ ಬೆಳ್ಳಿಬಣ್ಣದ ಲೇಪ ಹಚ್ಚಿಸಿಕೊಂಡು ಬಂತು, ಪಿವಿಸಿ ಪೈಪಿನ ತಳದಲ್ಲಿ ಕೂತಿತು.

ದೀಪಾವಳಿ ಕಳೆದ ಒಂದು ಮುಸ್ಸಂಜೆ ಗದ್ದೆಯ ಬದುವಿನ ಮೇಲೆ ದುರ್ಬೀನು ನಿಲ್ಲಿಸಿದರು. ಅಣ್ಣಪ್ಪ ಪೈಪನ್ನು ಮೆಲ್ಲಗೆ ತಿರುಗಿಸುತ್ತ ಹೋದ. ಶನಿಯನ್ನು ಹಿಡಿದ. ಪುಟ್ಟದಾಗಿ, ಸ್ವಚ್ಛವಾಗಿ, ಬಳೆ ತೊಟ್ಟುಕೊಂಡೇ ಇತ್ತು. ಕಣ್ಣು ತುಂಬಿ ಬಂದು ಅದೂ ಮಸುಕಾಯಿತು. ಸರಿದು ದುರ್ಗಿಗೆ ಜಾಗ ಬಿಟ್ಟ. ಅವಳು ನೋಡಿದಳು, ನೋಡುತ್ತಲೇ ಇದ್ದಳು. ಆತು, ಬಿಡು ಎಂದು ಅವನು ಹೇಳಿದರೂ ಕಣ್ಣು ತೆಗೆಯಲಿಲ್ಲ.

ಕೆಲಸ ಮುಗಿಸಿ ಬದುವಿನ ಮೇಲೆ ಬರುತ್ತಿದ್ದ ಪಕ್ಕದ ಮನೆಯ ಶನಿಯಾರ ಎಂಬವನು ನಿಂತು ನೋಡಿದ.

"ಈ ಕನ್ನಡಿ ನೀನೇ ಮಾಡಿದ್ದನಾ ಅಣ್ಣಪ್ಪ?" ಎಂದು ಕೇಳಿದ.

"ತಿಕ್ಕಿದ್ದು ಅವ್ಳು" ಎಂದ ಅಣ್ಣಪ್ಪ. "ನಾ ಹಾಡಿದ್ದು."