ಬತ್ತಿದ ತೊಟ್ಟಿಯನ್ನು ನಾನೇ ತುಂಬಿಸಿದೆ

ಸವಿತಾ, ನಿನ್ನ ಕಾಂಕ್ರೀಟಿನಲ್ಲಿ ದೋಷವಿರಲಿಲ್ಲ. ದೋಷ ನನ್ನ ಲ್ಯಾಬಿನಲ್ಲಿತ್ತು — ಅದು ಗೊತ್ತಿದ್ದೂ ನಿನ್ನ ಸ್ಲ್ಯಾಬ್ ಫೇಲ್ ಎಂದು ಸಹಿ ಹಾಕಿದವನು ನಾನು.

ಸ್ಲ್ಯಾಬ್ ಹಾಕುವ ದಿನ ಅದೇ ಕಾಂಕ್ರೀಟನ್ನು ಅಚ್ಚಿಗೆ ತುಂಬಿ ಕ್ಯೂಬ್ ಮಾಡುತ್ತೇವೆ. ಅವು ನಾಲ್ಕು ವಾರ ನಮ್ಮ ತೊಟ್ಟಿಯ ನೀರಿನಲ್ಲಿ ಮುಳುಗಿರಬೇಕು, ಒಣಗಿದರೆ ಬಲ ಬರುವುದಿಲ್ಲ; ಆಮೇಲೆ ಒಡೆದು ಬಲ ನೋಡಬೇಕು. ನಿನಗೆ ಇದನ್ನು ಹೇಳಿಕೊಡುವುದೇ? ನೀನು ಕಟ್ಟಿಸುತ್ತಿದ್ದ ಆರೋಗ್ಯ ಕೇಂದ್ರದ ಕ್ಯೂಬ್‌ಗಳು ಬಂದದ್ದು ಸಂಕ್ರಾಂತಿಯ ಮುಂಚೆ. ಈ ತೆಲುಗು ಸೀಮೆಯಲ್ಲಿ ಸಂಕ್ರಾಂತಿಗೆ ಲ್ಯಾಬಿನಲ್ಲಿ ನರಪಿಳ್ಳೆಯೂ ಉಳಿಯುವುದಿಲ್ಲ. ನಾನು ದಾವಣಗೆರೆಯವನು, ಈ ಹಬ್ಬಕ್ಕೆ ಊರಿಗೆ ಓಡುವವನಲ್ಲ; ತೊಟ್ಟಿ ನೋಡಿಕೊಳ್ಳುತ್ತೇನೆ, ಹೋಗಿ ಬನ್ನಿ ಎಂದು ಎಲ್ಲರನ್ನೂ ಕಳಿಸಿದೆ. ಕಳಿಸಿದವನೇ ಅನಕಾಪಲ್ಲಿಯ ಬೆಲ್ಲ ಹಿಡಿದು ವಿಜಯವಾಡದ ರೈಲು ಹತ್ತಿದೆ. ನಗರದ ಕಟ್ಟಡಗಳ ಕಾಂಕ್ರೀಟ್ ಪರೀಕ್ಷಿಸುವ ನಮ್ಮ ಲ್ಯಾಬಿನ ಗುತ್ತಿಗೆ ಮುಗಿಯುತ್ತಿತ್ತು, ಅದನ್ನು ಮುಂದುವರಿಸುವ ಫೈಲು ಅಲ್ಲಿ ಕೂತಿತ್ತು. ಹಬ್ಬದ ನೆಪದಲ್ಲಿ ಸಾಹೇಬರ ಮನೆ ಬಾಗಿಲು ಕಾಯಬೇಕಿತ್ತು.

ಮರಳಿ ಬಂದಾಗ ತೊಟ್ಟಿ ಸೋರಿ ಬತ್ತಿತ್ತು. ಕ್ಯೂಬ್‌ಗಳು ಒಣಗಿ ಬೆಳ್ಳಗಾಗಿದ್ದವು. ನಾನು — ಯಾರೂ ಬರುವ ಮೊದಲೇ ಸೋರುವಲ್ಲಿ ಮೆತ್ತಿ ನೀರು ತುಂಬಿಸಿದೆ.

ಕ್ಯೂಬ್‌ಗಳು ಫೇಲಾದವು. ನೀನು ಓಡಿ ಬಂದೆ. “ಸರ, ಸ್ಲ್ಯಾಬನ್ನ ಕೊರದು ನೋಡ್ರಿ. ನನ್ನ ಕಾಂಕ್ರೀಟ್ ಹಂಗಿಲ್ರೀ ಸರ!” ಸ್ಲ್ಯಾಬಿನಿಂದಲೇ ತುಂಡು ಕೊರೆದು ಪರೀಕ್ಷಿಸಿದ್ದರೆ ತಪ್ಪು ಯಾರದೆಂದು ಬಯಲಾಗುತ್ತಿತ್ತು, ಗುತ್ತಿಗೆ ಕೈತಪ್ಪುತ್ತಿತ್ತು. ಅಗತ್ಯವಿಲ್ಲ ಎಂದು ಬರೆದೆ. ಗುತ್ತಿಗೆ ಮುಂದುವರಿಯಿತು. ನಿನ್ನನ್ನು ಕೆಲಸದಿಂದ ತೆಗೆದರು. ಸಿಮೆಂಟ್ ಮಾರಿಕೊಂಡಳು ಎಂಬ ಮಾತು ನಗರದ ಅಂಚಿನ ದುವ್ವಾಡದವರೆಗೂ ಹೋಯಿತು. ಅದನ್ನು ಕೇಳಿಯೂ ಕೇಳದವನಂತೆ ಊಟ ಮಾಡಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಈಗ ಮತ್ತೆ ಅದೇ ಗುತ್ತಿಗೆ, ಮತ್ತೆ ಅದೇ ಫೈಲು. ಈ ಸಲ ಬೆಲ್ಲ ಹಿಡಿಯಲು ನನ್ನ ಕೈ ಏಳಲಿಲ್ಲ. ನಿನ್ನೆ ನಗರದ ಎಂಜಿನಿಯರ್ ಸಾಹೇಬರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ — “ಇಪ್ಪುಡು ಎಂದುಕು ಸಾರ್?” ಈಗ ಏಕೆ? ಲ್ಯಾಬಿನವರ ಅನ್ನವೂ ಹೋಗುತ್ತದೆ, ಅವರು ನನ್ನ ಮುಖ ನೋಡುತ್ತಿಲ್ಲ. ನೀನು ಫೋನ್ ಎತ್ತುವುದಿಲ್ಲ. ಎತ್ತಬೇಡ. ಆದರೆ ಸಾಹೇಬರಿಗೂ ಹೇಳದ ಒಂದು ಮಾತು ಉಳಿದಿದೆ — ಅದು ನಿನಗೆ ಸೇರಬೇಕಾದದ್ದು.

ನನ್ನ ವರದಿಯಂತೆ ನಿನ್ನ ಸ್ಲ್ಯಾಬ್ ಒಡೆದು ಕೆಡವುವ ದಿನ ನಾನು ಅಲ್ಲಿದ್ದೆ. ನಿನ್ನ ಅಪ್ಪನೂ ಬಂದಿದ್ದರು, ನೌಕಾಪಡೆಯಿಂದ ನಿವೃತ್ತರಾದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಡ್ರಿಲ್ ಹಿಡಿದವರು ಬೆವರು ಒರೆಸಿಕೊಂಡು, “ಚಾಲಾ ಗಟ್ಟಿಗಾ ಉಂದಿ ಸಾರ್, ಪಗಲಟ್ಲೇದು,” ಎಂದರು. ಬಹಳ ಗಟ್ಟಿ, ಒಡೆಯುತ್ತಿಲ್ಲ ಎಂದು. ನಿನ್ನ ಅಪ್ಪ ನನ್ನ ಕೈ ಹಿಡಿದರು. “ನೀವು ನಮ್ಮ ಕಡೆಯವರು. ಖರೇ ಹೇಳ್ರಿ, ನನ್ನ ಮಗಳು ಕದ್ದಾಳೇನ್ರಿ?”

ಅವರ ಕೈಯಿಂದ ನನ್ನ ಕೈ ಬಿಡಿಸಿಕೊಂಡು, ಕೆಲಸದವರಿಗೆ ಇನ್ನೊಂದು ಡ್ರಿಲ್ ತರಿಸಿ ಎಂದೆ.